ಅಟ್ಟದ ಗಿಟಾರ್‌ಗೆ ಹೊಸ ಪಿಕಪ್ ಬೇಕಾ? ಮೊದಲು ಹಳೇದನ್ನ ಅಳೆದು ನೋಡಿ

ಎಲೆಕ್ಟ್ರಿಕ್ ಗಿಟಾರ್ ಅಂದ್ರೆ ಕಂಟೋನ್ಮೆಂಟು, ಪಬ್ಬು, ಇಂಗ್ಲಿಷ್ ಹಾಡು ಅಂದ್ಕೊಂಡವರೇ ಬೆಂಗಳೂರಲ್ಲಿ ಜಾಸ್ತಿ. ಆದ್ರೆ ಈ ವಾದ್ಯವನ್ನ ಕರ್ನಾಟಕದ ಸಣ್ಣ ಸಣ್ಣ ಊರುಗಳಿಗೆ ಹೊತ್ಕೊಂಡು ಹೋಗಿದ್ದು ಗಣೇಶನ ಹಬ್ಬದ ಆರ್ಕೆಸ್ಟ್ರಾಗಳು. ರಾತ್ರಿ ಒಂಬತ್ತಕ್ಕೆ ರಸಮಂಜರಿ ಶುರುವಾದ್ರೆ ಬೆಳಗಿನ ಜಾವದವರೆಗೂ ರಾಜನ್-ನಾಗೇಂದ್ರ, ಜಿ.ಕೆ. ವೆಂಕಟೇಶ್ ಹಾಡುಗಳು. ಹಾಡೋರ ಹಿಂದೆ ಒಬ್ಬ ಗಿಟಾರಿಸ್ಟ್ ಇರಲೇಬೇಕು. (ಇಳಯರಾಜಾ ಕೂಡ ಮೊದಲು ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಗಿಟಾರ್ ಹಿಡಿದವರೇ.) ಆ ಗಿಟಾರಿಸ್ಟ್‌ಗಳಿಗೆಲ್ಲ ಈಗ ವಯಸ್ಸಾಗಿದೆ. ಅವರ ಗಿಟಾರ್‌ಗಳು ಅಟ್ಟದಲ್ಲೋ ಮಂಚದ ಕೆಳಗೋ ಮಲಗಿವೆ.

ಅಂಥ ಒಂದು ಗಿಟಾರ್ ಅಮೃತಹಳ್ಳಿಯಲ್ಲಿ ನಮ್ಮ ಸೋದರಮಾವನ ಮನೆಯಲ್ಲಿದೆ. ಯಲಹಂಕ, ದೇವನಹಳ್ಳಿ, ದೊಡ್ಡಬಳ್ಳಾಪುರ ಅಂತ ಹದಿನೈದು ವರ್ಷ ಆರ್ಕೆಸ್ಟ್ರಾಗಳಲ್ಲಿ ನುಡಿಸಿದ ಗಿಟಾರ್ ಅದು. ಮಾವನ ಮಗಳು ನಾಗವಾರದ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡ್ತಾಳೆ, ಎರಡು ವರ್ಷದಿಂದ ಗಿಟಾರ್ ಕಲೀತಿದ್ದಾಳೆ. ಹೊಸದು ತಗೊಳ್ಳೋಕೆ ಅವಳಿಗೇನೂ ಕಷ್ಟ ಇಲ್ಲ, ಆದ್ರೆ ಅವಳಿಗೆ ಅಪ್ಪನದೇ ಬೇಕು. ತಂತಿ ಬದಲಾಯಿಸಿ, ಧೂಳು ಒರೆಸಿ, ಆಂಪ್ಲಿಫೈಯರ್‌ಗೆ ಹಾಕಿದ್ರೆ ಎರಡು ಪಿಕಪ್‌ಗಳಲ್ಲಿ ಒಂದು ಮಾತ್ರ ಮಾತಾಡ್ತು. ಬ್ರಿಡ್ಜ್ ಹತ್ತಿರದ್ದು, ಅಂದ್ರೆ ಸೋಲೋ ನುಡಿಸೋವಾಗ ಬೇಕಾದ ಹರಿತವಾದ ದನಿ ಕೊಡೋದು, ಸತ್ತೇ ಹೋಗಿತ್ತು.

ರಿಪೇರಿಗೆ ತಗೊಂಡು ಹೋದ ಕಡೆ ಸಿಕ್ಕ ಸಲಹೆ ಒಂದೇ. “ಇದರ ಪಾರ್ಟ್ಸ್ ಎಲ್ಲಿ ಸಿಗುತ್ತೆ? ಹಳ್ಳ ದೊಡ್ಡದು ಮಾಡಿ ಹೊಸ ಹಂಬಕರ್ ಕೂರಿಸಿಬಿಡೋಣ.” ಹಳ್ಳ ದೊಡ್ಡದು ಮಾಡೋದು ಅಂದ್ರೆ ರೂಟರ್ ಹಾಕಿ ಮರ ಕೊರೆಯೋದು. ಪಿಕಪ್ ಇವತ್ತು ಹಾಕಿ ನಾಳೆ ತೆಗೀಬಹುದು. ಕೊರೆದ ಮರ ವಾಪಸ್ ಬರಲ್ಲ. ಮಾವ ಏನೂ ಹೇಳಲಿಲ್ಲ, ಗಿಟಾರ್ ಎತ್ತಿ ಕವರಿಗೆ ಹಾಕ್ಕೊಂಡ್ರು. ಹುಡುಕಾಟ ಶುರುವಾಗಿದ್ದು ಅಲ್ಲಿಂದ.

ಹೆಸರಿಲ್ಲದ ಗಿಟಾರ್‌ಗಳು

ಹಳೇ ಫೆಂಡರ್‌ಗೋ ಗಿಬ್ಸನ್‌ಗೋ ಬದಲಿ ಪಿಕಪ್ ಹುಡುಕೋದು ಈಗ ಹತ್ತು ನಿಮಿಷದ ಕೆಲಸ. ವರ್ಷ ಹಾಕಿದ್ರೆ ಮಾದರಿ ಸಿಗುತ್ತೆ, ದುಡ್ಡಿದ್ರೆ ಮನೆಗೇ ಬರುತ್ತೆ. ನಮ್ಮ ಹಳೇ ಗಿಟಾರ್‌ಗಳ ಕಥೆ ಬೇರೆ. ತೊಂಬತ್ತರ ದಶಕದವರೆಗೂ ವಿದೇಶಿ ವಾದ್ಯ ತರಿಸೋದು ಸುಲಭ ಇರಲಿಲ್ಲ. ಗ್ರಾಹಕ ವಸ್ತುಗಳ ಆಮದಿಗೆ ಲೈಸೆನ್ಸು, ಮಿತಿ, ಭಾರೀ ಸುಂಕ ಎಲ್ಲ ಇತ್ತು. ಕೊನೆಯ 715 ಬಗೆಯ ಸರಕುಗಳ ಮೇಲಿನ ಆಮದು ಮಿತಿ ಹೋಗಿದ್ದು 2001ರ ಏಪ್ರಿಲ್‌ನಲ್ಲಿ. ಅಲ್ಲೀವರೆಗೆ ಆರ್ಕೆಸ್ಟ್ರಾದವರ ಕೈಗೆ ಬರ್ತಿದ್ದಿದ್ದು ಕೋಲ್ಕತ್ತದಲ್ಲಿ ತಯಾರಾದದ್ದು, ಇಲ್ಲಾಂದ್ರೆ ಗಲ್ಫಿಂದ ಯಾರೋ ಸೂಟ್‌ಕೇಸ್ ಜೊತೆ ತಂದ ಜಪಾನಿ ಮಾಲು. ಕೋಲ್ಕತ್ತದ ಗಿವ್ಸನ್, ಹೋಬ್ನರ್ ಹೆಸರುಗಳನ್ನ ಒಮ್ಮೆ ಜೋರಾಗಿ ಓದಿ ನೋಡಿ, ಯಾವ ವಿದೇಶಿ ಹೆಸರಿನ ನೆಂಟರು ಅಂತ ತಾನಾಗೇ ಗೊತ್ತಾಗುತ್ತೆ.

ಮಾವನ ಗಿಟಾರಿನ ತಲೆ ಮೇಲಿದ್ದ ಹೆಸರು ಯಾವತ್ತೋ ಅಳಿಸಿಹೋಗಿದೆ. ಪಿಕಪ್ ಕವರಿನ ಅಳತೆ 78 ಮಿಲಿಮೀಟರ್ ಉದ್ದ, 28 ಅಗಲ. ಈಗಿನ ಹಂಬಕರ್ ಸುಮಾರು 70ಕ್ಕೆ 38; ಸ್ಟ್ರಾಟೋಕಾಸ್ಟರ್ ಮಾದರಿಯ ಸಿಂಗಲ್ ಕಾಯಿಲ್ ಸುಮಾರು 70ಕ್ಕೆ 18. ಒಂದು ಹಳ್ಳಕ್ಕೆ ಹೋಗಲ್ಲ, ಇನ್ನೊಂದು ಹಳ್ಳದೊಳಗೆ ಅಲ್ಲಾಡುತ್ತೆ. ಅಂತರ್ಜಾಲದಲ್ಲಿ ಎಷ್ಟು ಚೆನ್ನಾಗಿರೋ ಪಿಕಪ್ ಕಂಡ್ರೂ ಸರಿ, ಆರ್ಡರ್ ಒತ್ತೋ ಮುಂಚೆ ನಾಲ್ಕು ಅಳತೆ ಬರೆದಿಟ್ಕೊಳ್ಳಿ: ಉದ್ದ, ಅಗಲ, ಹಳ್ಳದ ಆಳ, ಮತ್ತೆ ಪಿಕಪ್ ಮೇಲೆ ಮೊದಲ ತಂತಿಯಿಂದ ಆರನೇ ತಂತಿಗೆ ಇರೋ ದೂರ. ಫೆಂಡರ್ ಮಾದರಿಯಲ್ಲಿ ಈ ದೂರ ಸುಮಾರು 52 ಮಿ.ಮೀ, ಗಿಬ್ಸನ್ ಮಾದರಿಯಲ್ಲಿ ಸುಮಾರು 50. ಕಸ್ಟಮ್ಸ್ ಸುಂಕ, ಅದರ ಮೇಲೆ ಐಜಿಎಸ್‌ಟಿ ಕಟ್ಟಿ ತರಿಸಿದ ಮೇಲೆ ಹಳ್ಳಕ್ಕೆ ಕೂರದಿದ್ರೆ ವಾಪಸ್ ಕಳಿಸೋ ಖರ್ಚಲ್ಲಿ ಇನ್ನೊಂದು ಗಿಟಾರೇ ಬರಬಹುದು.

ಅದರೊಳಗೆ ಇರೋದೇ ಇಷ್ಟು

ಪಿಕಪ್ ಅನ್ನೋದು ಮೈಕ್ ಅಲ್ಲ. ಒಂದು ಆಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ನಡುಗಿದಾಗ ಆಯಸ್ಕಾಂತದ ಕ್ಷೇತ್ರವೂ ಅಲುಗುತ್ತೆ, ಸುರುಳಿಯಲ್ಲಿ ಪುಟ್ಟ ವಿದ್ಯುತ್ ಹುಟ್ಟುತ್ತೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದದ್ದನ್ನ ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ್ವಲ್ಲ, ಅದೇ. ಅಮೆರಿಕದ ಜಾರ್ಜ್ ಬೋಶಾಂ 1931ರಲ್ಲಿ ಅದನ್ನ ಗಿಟಾರ್‌ಗೆ ಕಟ್ಟಿದ್ರು. ನಮ್ಮ ಕಡೆ ಕಛೇರಿಗಳಲ್ಲಿ ವೀಣೆಗೆ ಸಿಕ್ಕಿಸೋ ಕಾಂತೀಯ ಪಿಕಪ್, ಯು. ಶ್ರೀನಿವಾಸ್ ಅವರ ಎಲೆಕ್ಟ್ರಿಕ್ ಮ್ಯಾಂಡೊಲಿನ್, ಎಲ್ಲದರ ಒಳಗೂ ಇದೇ ಕೆಲಸ ನಡೆಯೋದು. ತಂತಿ ಉಕ್ಕಿನದ್ದಾಗಿರಬೇಕು, ಅಷ್ಟೇ. ನೈಲಾನ್ ತಂತಿ ಹಾಕಿದ್ರೆ ಪಿಕಪ್‌ಗೆ ಕಿವುಡು.

ಈ ಸುರುಳಿ ಸುತ್ತಮುತ್ತಲಿನ ಕರೆಂಟಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತೆ. ಗಿಬ್ಸನ್ ಕಂಪನಿಯ ಸೇತ್ ಲವರ್ ಎರಡು ಸುರುಳಿಗಳನ್ನ ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ ಆ ಗುಂಯ್‌ ಅನ್ನ ರದ್ದು ಮಾಡಿದ್ರು, ಅದೇ ಹಂಬಕರ್. ಪೇಟೆಂಟ್‌ಗೆ ಅರ್ಜಿ ಹಾಕಿದ್ದು 1955ರಲ್ಲಿ, ಸಿಕ್ಕಿದ್ದು 1959ರಲ್ಲಿ. ಆ ನಡುವಿನ ಪಿಕಪ್‌ಗಳ ಹಿಂದೆ ‘ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದೆ’ ಅನ್ನೋ ಚೀಟಿ ಇರ್ತಿತ್ತು. ಇವತ್ತು ಆ ಚೀಟಿ ಇರೋ ಹಳೇ ಪಿಕಪ್‌ಗೆ ಸಂಗ್ರಾಹಕರು ಕೊಡೋ ಬೆಲೆ ಕೇಳಿದ್ರೆ ತಲೆ ತಿರುಗುತ್ತೆ. ತಮಾಷೆ ಏನಂದ್ರೆ, ಆಗಿನ ಸುತ್ತೋ ಯಂತ್ರಗಳು ಅಷ್ಟು ಕಟ್ಟುನಿಟ್ಟಾಗಿರಲಿಲ್ಲ, ಒಂದರಲ್ಲಿ ಸುತ್ತು ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ. ಆ ಏರುಪೇರನ್ನೇ ಜನ ಈಗ ಹುಡುಕಿ ಹುಡುಕಿ ಕೊಳ್ತಾರೆ.

ಇನ್ನೊಂದು ಸಂಗತಿ. ‘ಬದಲಿ ಪಿಕಪ್’ ಅನ್ನೋ ಸರಕೇ ಆಮೇಲಿನದ್ದು. ಡಿಮಾರ್ಜಿಯೊ ಅವರ ಸೂಪರ್ ಡಿಸ್ಟಾರ್ಷನ್ ಮಾರುಕಟ್ಟೆಗೆ ಬಂದಿದ್ದು 1972ರಲ್ಲಿ. ಅದಕ್ಕೂ ಮುಂಚೆ ಪಿಕಪ್ ಹೋದ್ರೆ ಮತ್ತೆ ಸುತ್ತಿಸ್ತಿದ್ರು. ಇವತ್ತು ದೊಡ್ಡ ಪಿಕಪ್ ಬ್ರಾಂಡ್ ಆಗಿರೋ ಸೇಮೌರ್ ಡಂಕನ್ ಹುಡುಗನಾಗಿದ್ದಾಗ ತನ್ನ ಗಿಟಾರಿನ ಸತ್ತ ಪಿಕಪ್ ಅನ್ನ ಮನೆಯ ರೆಕಾರ್ಡ್ ಪ್ಲೇಯರ್ ತಿರುಗುಮಣೆ ಮೇಲಿಟ್ಟು ಸುತ್ತಿದವರು. ನಿಮಿಷಕ್ಕೆ ಮೂವತ್ತಮೂರು ಸುತ್ತಿನ ವೇಗದಲ್ಲಿ ಎಂಟು ಸಾವಿರ ಸುತ್ತು ಅಂದ್ರೆ ನಾಲ್ಕು ಗಂಟೆ. ನಮ್ಮೂರಲ್ಲಿ ಬೋರ್‌ವೆಲ್ ಮೋಟರ್ ಸುಟ್ಟರೆ ಹೊಸ ಮೋಟರ್ ತರ್ತೀವಾ? ವೈಂಡಿಂಗ್ ಮಾಡಿಸ್ತೀವಿ. ಪಿಕಪ್ ಅಂದ ತಕ್ಷಣ ಮಾತ್ರ ನಮಗೆ ಅದು ನೆನಪಾಗಲ್ಲ.

ನಿಜವಾಗ್ಲೂ ಸತ್ತಿದೆಯಾ?

ಮೊದಲು ಅದನ್ನ ಖಾತ್ರಿ ಮಾಡ್ಕೊಳ್ಳಿ. ಮೂವತ್ತು ವರ್ಷ ಸುಮ್ಮನೆ ಬಿದ್ದಿದ್ದ ಗಿಟಾರಿನಲ್ಲಿ ಪಿಕಪ್‌ಗಿಂತ ಮೊದಲು ಹಾಳಾಗೋದು ಸ್ವಿಚ್ಚು, ಜ್ಯಾಕು, ವಾಲ್ಯೂಮ್ ತಿರುಪು. ಎಸ್‌ಪಿ ರೋಡಲ್ಲಿ ಸಿಗೋ ಅಗ್ಗದ ಮಲ್ಟಿಮೀಟರ್ ಸಾಕು. ಪಿಕಪ್‌ನ ಎರಡೂ ತಂತಿಗಳನ್ನ ಬೆಸುಗೆ ಬಿಡಿಸಿ, ಮೀಟರನ್ನ 20 ಕಿಲೋ ಓಮ್‌ಗೆ ಇಟ್ಟು ಮುಟ್ಟಿಸಿ. ಸಿಂಗಲ್ ಕಾಯಿಲ್ ಆದ್ರೆ ಸಾಮಾನ್ಯವಾಗಿ 5ರಿಂದ 7 ಕಿಲೋ ಓಮ್, ಹಂಬಕರ್ ಆದ್ರೆ 7ರಿಂದ 9ರ ಆಸುಪಾಸು ಬರಬೇಕು. ಮೀಟರಿನಲ್ಲಿ ಬರೀ ‘1’ ಅಂತಲೋ ಖಾಲಿ ಗೆರೆಯಂತಲೋ ಬಂದ್ರೆ ಸುರುಳಿ ಎಲ್ಲೋ ತುಂಡಾಗಿದೆ. ಒಂದು ಸಣ್ಣ ವಿಷಯ: ತಾಮ್ರದ ತಡೆ ಡಿಗ್ರಿಗೆ ಶೇ. 0.4ರಷ್ಟು ಏರುತ್ತೆ. ಡಿಸೆಂಬರ್ ಬೆಳಗ್ಗೆ ಅಳೆದಿದ್ದಕ್ಕೂ ಏಪ್ರಿಲ್ ಮಧ್ಯಾಹ್ನ ಅಳೆದಿದ್ದಕ್ಕೂ ಮುನ್ನೂರು ಓಮ್ ವ್ಯತ್ಯಾಸ ಬಂದ್ರೆ ಗಾಬರಿ ಬೇಡ.

ತುಂಡಾಗಿದ್ರೂ ಆಸೆ ಇದೆ. ಕೂದಲು ತಂತಿ ಹೊರಗಿನ ದಪ್ಪ ವೈರಿಗೆ ಸೇರೋ ಜಾಗದಲ್ಲೇ ಎಷ್ಟೋ ಸಲ ಕಟ್ ಆಗಿರುತ್ತೆ. ಅಲ್ಲಿ ಹಸಿರು ಕಿಲುಬು ಕಂಡ್ರೆ, ಭೂತಗನ್ನಡಿ ಇಟ್ಕೊಂಡು ಒಂದು ಸುತ್ತು ಬಿಚ್ಚಿ, ಮತ್ತೆ ಬೆಸೆದ್ರೆ ಮುಗೀತು. ಮಾವನ ಗಿಟಾರಿನ ಅದೃಷ್ಟ ಅಷ್ಟಿರಲಿಲ್ಲ. ಹೊರಗಿನ ತುದಿ ಚೆನ್ನಾಗೇ ಇತ್ತು, ಒಳಗಿನ ಪದರದಲ್ಲೆಲ್ಲೋ ಬೆವರಿನ ಉಪ್ಪೋ ತೇವವೋ ತಿಂದಿತ್ತು. ಜೊತೆಯ ಪಿಕಪ್ ಮಾತ್ರ ಗಟ್ಟಿ, 5.5 ಕಿಲೋ ಓಮ್. ಈ 5.5 ನಮಗೆ ಮುಂದೆ ಬಹಳ ಉಪಯೋಗಕ್ಕೆ ಬಂತು.

ಇಲ್ಲೇ ಇನ್ನೊಂದು ಮಾತು. ಬರೀ ಗುಂಯ್ ಅನ್ನುತ್ತೆ ಅಂತ ಪಿಕಪ್ ಬದಲಾಯಿಸೋಕೆ ಹೊರಟಿದ್ರೆ ಸ್ವಲ್ಪ ತಡೀರಿ. ಆಂಪ್ಲಿಫೈಯರ್ ಹಾಕಿರೋ ಸಾಕೆಟ್‌ಗೆ ಅರ್ತಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ರ ತೋರಿಸಿ. ಬಾಡಿಗೆ ಮನೆಗಳಲ್ಲಿ ಮೂರನೇ ತೂತು ಎಷ್ಟೋ ಕಡೆ ಬರೀ ಅಲಂಕಾರ. ಅದು ದನಿಯ ಪ್ರಶ್ನೆ ಮಾತ್ರ ಅಲ್ಲ, ಜೀವದ ಪ್ರಶ್ನೆ. ನಿಮ್ಮ ಬೆರಳು ಲೋಹದ ತಂತಿ ಮೇಲೆ ಇರುತ್ತೆ.

ಇಪ್ಪತ್ತೊಂಬತ್ತು ಗ್ರಾಂ ಲೆಕ್ಕ

ಮತ್ತೆ ಸುತ್ತಿಸಬೇಕಾದ್ರೆ ಎರಡು ವಿಷಯ ಗೊತ್ತಿರಬೇಕು: ಯಾವ ತಂತಿ, ಎಷ್ಟು ಸುತ್ತು. ತಂತಿಯ ದಪ್ಪ ಮೈಕ್ರೋಮೀಟರಿನಲ್ಲಿ ಅಳೆಯಬಹುದು. ಗಿಟಾರ್ ಪಿಕಪ್‌ಗಳಲ್ಲಿ ಹೆಚ್ಚಾಗಿ ಬಳಸೋದು ಅಮೆರಿಕನ್ ಅಳತೆಯ 42ನೇ ಗೇಜ್, ಅಂದ್ರೆ 0.063 ಮಿಲಿಮೀಟರ್. ನಮ್ಮ ಅಂಗಡಿಗಳಲ್ಲಿ ಒಂದು ಗುಂಡಿ ಇದೆ. ಇಲ್ಲಿ ವೈಂಡಿಂಗ್ ತಂತಿ ಮಾರೋದು ಬ್ರಿಟಿಷ್ ಅಳತೆಯಲ್ಲಿ, ಎಸ್‌ಡಬ್ಲ್ಯುಜಿ ಅಂತ. ಯೂಟ್ಯೂಬ್ ನೋಡ್ಕೊಂಡು ಹೋಗಿ “42 ಗೇಜ್ ಕೊಡಿ” ಅಂದ್ರೆ ಅವರು ಕೊಡೋದು 0.1 ಮಿ.ಮೀ. ತಂತಿ. ಅದು ಸುಮಾರು 1.6 ಪಟ್ಟು ದಪ್ಪ, ಬೇಕಾದ ಸುತ್ತಿನ ಅರ್ಧಕ್ಕೂ ಮುಂಚೆ ಬಾಬಿನ್ ತುಂಬಿಹೋಗುತ್ತೆ. ನೀವು ಕೇಳಬೇಕಾದ್ದು 46 ಎಸ್‌ಡಬ್ಲ್ಯುಜಿ, 0.061 ಮಿ.ಮೀ. ಜೊತೆಗೆ ನೇರ ಬೆಸುಗೆ ಹಿಡಿಯೋ ಇನ್ಸುಲೇಷನ್ ಇರೋದನ್ನೇ ಕೇಳಿ. ಇಲ್ಲಾಂದ್ರೆ ಕೂದಲು ತಂತಿಯ ಲೇಪ ಕೆರೆಯೋಕೆ ಹೋಗಿ ತಂತಿಯೇ ತುಂಡಾಗುತ್ತೆ.

ಸುತ್ತಿನ ಲೆಕ್ಕ ಕಷ್ಟ. ತುಂಡಾದ ಸುರುಳಿಯಲ್ಲಿ ತಡೆ ಅಳೆಯೋಕೆ ಆಗಲ್ಲ, ಬಿಚ್ಚುತ್ತಾ ಎಣಿಸೋಣ ಅಂದ್ರೆ ಹತ್ತು ಸುತ್ತಿಗೊಮ್ಮೆ ಕಟ್ ಆಗುತ್ತೆ. ಮಾವನ ಮಗಳಿಗೆ ಹೊಳೆದ ಉಪಾಯ ನನಗೆ ಇಡೀ ಹುಡುಕಾಟದಲ್ಲೇ ಇಷ್ಟವಾದದ್ದು. ಬಾಬಿನ್‌ನಿಂದ ಹಳೇ ತಾಮ್ರವನ್ನೆಲ್ಲ ಬ್ಲೇಡಲ್ಲಿ ಕತ್ತರಿಸಿ ತೆಗೆದು ಪೊಟ್ಟಣ ಕಟ್ಟಿದ್ವಿ, ಪಕ್ಕದ ಬೀದಿಯ ಒಡವೆ ಅಂಗಡಿಗೆ ಹೋದ್ವಿ. ಅಕ್ಕಸಾಲಿಗರ ತಕ್ಕಡಿ ಮಿಲಿಗ್ರಾಂ ತೋರಿಸುತ್ತೆ. ಚಿನ್ನದ ಜಾಗದಲ್ಲಿ ಕಂದು ಕೂದಲಿನ ಉಂಡೆ ಇಟ್ಟಾಗ ಅವರು ನೋಡಿದ ನೋಟ ಇರ್ಲಿ, ತೂಕ ಬಂತು: 29.4 ಗ್ರಾಂ.

ಇನ್ನು ಲೆಕ್ಕ. 0.063 ಮಿ.ಮೀ. ತಾಮ್ರದ ತಂತಿ ಒಂದು ಕಿಲೋಮೀಟರ್‌ಗೆ 28 ಗ್ರಾಂ ಚಿಲ್ಲರೆ ತೂಗುತ್ತೆ, ಲೇಪ ಸೇರಿದ್ರೆ ಹೆಚ್ಚುಕಮ್ಮಿ ನಮ್ಮ ಉಂಡೆಯಷ್ಟೇ. ಅಂದ್ರೆ ಅಂಗೈಯಲ್ಲಿ ಹಿಡಿಯೋ ಆ ಪಿಕಪ್ ಒಳಗೆ ಒಂದು ಕಿಲೋಮೀಟರ್ ತಂತಿ ಇತ್ತು. ಇದೇ ತಂತಿಯ ತಡೆ ಮೀಟರಿಗೆ 5.4 ಓಮ್, ಒಂದು ಕಿಲೋಮೀಟರ್‌ಗೆ 5.4 ಕಿಲೋ ಓಮ್. ಬದುಕಿರೋ ಜೊತೆಗಾರ ತೋರಿಸಿದ್ದು 5.5. ಎರಡೂ ಒಂದೇ ದಿನ, ಒಂದೇ ಕೈ ಸುತ್ತಿದ ಅಣ್ಣತಮ್ಮ ಅನ್ನೋದು ಅಲ್ಲಿಗೆ ಖಚಿತ. ಒಂದು ಸುತ್ತಿನ ಸರಾಸರಿ ಉದ್ದ 14 ಸೆಂಟಿಮೀಟರ್ ಇತ್ತು, ಆದ್ದರಿಂದ ಸುಮಾರು 7,100 ಸುತ್ತು. ನಮಗೆ ಬೇಕಾಗಿದ್ದ ಬದಲಿ ಪಿಕಪ್‌ನ ವಿಳಾಸ ಸಿಕ್ಕಿತು: ಹಳೇ ಆಯಸ್ಕಾಂತ, ಹಳೇ ಬಾಬಿನ್, ಹಳೇ ಕವರ್, ಹೊಸ ತಂತಿ.

ಕೊಡಿಗೇಹಳ್ಳಿಯಿಂದ ಪೀಣ್ಯಕ್ಕೆ

ಕೊಡಿಗೇಹಳ್ಳಿ ಕಡೆಯ ಮೋಟರ್ ವೈಂಡಿಂಗ್ ಅಂಗಡಿಯವರು ತಂತಿಯನ್ನ ಬೆಳಕಿಗೆ ಹಿಡಿದು ನೋಡಿ ನಕ್ಕರು. “ಇದು ತಂತಿ ಅಲ್ಲ ಸಾರ್, ಕೂದಲು. ನಮ್ಮ ಮಿಷಿನ್ ಮುಟ್ಟಿದ್ರೇ ಹರಿಯುತ್ತೆ. ರಿಲೇ ಕಾಯಿಲ್ ಸುತ್ತೋರ ಹತ್ರ ಹೋಗಿ.” ಇಂಥ ಸರಿಯಾದ ‘ಇಲ್ಲ’ ಸಿಗೋದೂ ಪುಣ್ಯ, ಸುಮ್ಮನೆ ಇಸ್ಕೊಂಡು ಹಾಳು ಮಾಡೋರಿಗಿಂತ ವಾಸಿ.

ಹೆಬ್ಬಾಳದಿಂದ ರಿಂಗ್ ರೋಡ್ ಹಿಡಿದು, ಬಿಇಎಲ್ ಸರ್ಕಲ್ ದಾಟಿ, ಗೊರಗುಂಟೆಪಾಳ್ಯ ಬಳಸಿ ಪೀಣ್ಯ. ಈ ದಾರಿಯೇ ಒಂದು ಪಾಠ. 1953ರ ಎಚ್‌ಎಂಟಿ, 1954ರ ಬಿಇಎಲ್ ಎರಡೂ ಜಾಲಹಳ್ಳಿಯವು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಇಲ್ಲೇ ಕೈಗಡಿಯಾರ ಮಾಡೋಕೆ ಶುರು ಮಾಡ್ತು. ಉತ್ತರ ಬೆಂಗಳೂರಿಗೆ ಸೂಕ್ಷ್ಮ ಕೆಲಸ ಟೆಕ್ ಪಾರ್ಕಿನ ಜೊತೆ ಬಂದದ್ದಲ್ಲ. ರಿಲೇ, ಮೀಟರು, ಸೊಲೆನಾಯ್ಡ್‌ಗಳಿಗೆ ಸುರುಳಿ ಸುತ್ತೋ ಸಣ್ಣ ಘಟಕಗಳು ಪೀಣ್ಯದ ಶೆಡ್‌ಗಳಲ್ಲಿ ಇವತ್ತಿಗೂ ಇವೆ. ಅವರಿಗೆ ಗಿಟಾರ್ ಗೊತ್ತಿರಬೇಕಾಗಿಲ್ಲ. ತಂತಿಯ ಗೇಜು, ಸುತ್ತಿನ ಸಂಖ್ಯೆ, ದಿಕ್ಕು, ಇಷ್ಟು ಚೀಟಿಯಲ್ಲಿ ಬರೆದುಕೊಟ್ರೆ ಅವರಿಗೆ ಅದು ಇನ್ನೊಂದು ಸುರುಳಿ.

ನಮಗೆ ಸಿಕ್ಕಿದವರು ಐವತ್ತು ದಾಟಿದ ಹೆಂಗಸು. ಯಂತ್ರ ತಿರುಗಿಸುತ್ತೆ, ಎಣಿಸುತ್ತೆ; ಬಿಗಿ ಮಾತ್ರ ಬೆರಳಿಗೆ ಬಿಟ್ಟದ್ದು. ಬಿಗಿ ಜಾಸ್ತಿಯಾದ್ರೆ ತಂತಿ ಸೀಳುತ್ತೆ, ಸಡಿಲವಾದ್ರೆ ಸುತ್ತುಗಳು ಅಲುಗಾಡಿ ಆಮೇಲೆ ಪಿಕಪ್ ಕಿರುಚುತ್ತೆ. ನಮ್ಮ ಬಾಬಿನ್ ದುಂಡಗಿಲ್ಲ, ಉದ್ದ, ಅದಕ್ಕೆ ಪ್ರತಿ ಸುತ್ತಿನಲ್ಲೂ ಎರಡು ಸಲ ಎಳೆತ ಏರಿ ಇಳಿಯುತ್ತೆ. ಮೊದಲ ಪ್ರಯತ್ನ ಮೂರು ಸಾವಿರ ಚಿಲ್ಲರೆಗೆ ಹರೀತು. ಅವರು ಏನೂ ಮಾತಾಡದೆ ವೇಗ ಅರ್ಧಕ್ಕೆ ಇಳಿಸಿ, ಬೆರಳುಗಳ ನಡುವೆ ಒಂದು ತುಂಡು ಫೆಲ್ಟ್ ಬಟ್ಟೆ ಇಟ್ಕೊಂಡು ಮತ್ತೆ ಮೊದಲಿಂದ ಶುರು ಮಾಡಿದ್ರು. ಕೌಂಟರ್ 7,100 ತೋರಿಸಿದಾಗ ಮೀಟರಿನಲ್ಲಿ 5.7 ಬಂತು. ಹೊಸ ತಂತಿ ಒಂದೆಳೆ ತೆಳ್ಳಗಿತ್ತಲ್ಲ, ಅದಕ್ಕೆ ಆ ಚೂರು ಜಾಸ್ತಿ.

ಆಮೇಲೆ ಮೇಣದ ಸ್ನಾನ. ಸುರುಳಿಯೊಳಗೆ ಗಾಳಿಯ ಸಂದು ಉಳಿಯಬಾರದು ಅಂತ ಪ್ಯಾರಾಫಿನ್ ನಾಲ್ಕು ಭಾಗ, ಜೇನುಮೇಣ ಒಂದು ಭಾಗ ಕರಗಿಸಿ ಅದರಲ್ಲಿ ಅದ್ದೋದು. ಶಾಖ 65 ಡಿಗ್ರಿ ಆಸುಪಾಸಿನಲ್ಲೇ ಇರಬೇಕು. ಹಳೇ ಪ್ಲಾಸ್ಟಿಕ್ ಬಾಬಿನ್ ಅದಕ್ಕಿಂತ ಹೆಚ್ಚಿಗೆ ಸೊಟ್ಟಗಾಗುತ್ತೆ. ಮೇಣದ ಪಾತ್ರೆಯನ್ನ ನೇರ ಉರಿ ಮೇಲೆ ಖಂಡಿತ ಇಡಬೇಡಿ, ಹೊತ್ಕೊಳ್ಳುತ್ತೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ, ಹತ್ತಿರ ಥರ್ಮಾಮೀಟರ್. ಗುಳ್ಳೆ ಬರೋದು ನಿಂತರೆ ಆಯ್ತು.

ಕೂರಿಸಿದ ಮೇಲೆ ಒಂದು ಪರೀಕ್ಷೆ ಬಾಕಿ. ಎರಡೂ ಪಿಕಪ್ ಒಟ್ಟಿಗೆ ಹಾಕಿದಾಗ ದನಿ ಹಿಗ್ಗಬೇಕು. ಬದಲಿಗೆ ಸೊರಗಿ, ಮೂಗಿನಿಂದ ಹಾಡಿದ ಹಾಗೆ ಕೇಳಿದ್ರೆ ಒಂದು ಇನ್ನೊಂದಕ್ಕೆ ಉಲ್ಟಾ ಇದೆ ಅಂತ ಅರ್ಥ. ಹೊಸದಾಗಿ ಸುತ್ತಿದ್ದರ ಎರಡು ತಂತಿ ಅದಲುಬದಲು ಮಾಡಿದ್ರೆ ಸರಿಹೋಗುತ್ತೆ. ಲೋಹದ ಕವರ್ ಇದ್ದು ಅದು ಒಂದು ತಂತಿಗೆ ಸೇರಿದ್ರೆ ಮಾತ್ರ ಮೊದಲು ಅದನ್ನ ಬಿಡಿಸಿ ಬೇರೆಯಾಗಿ ಅರ್ತ್ ಮಾಡಬೇಕು.

ಹಾಗಂತ ಎಲ್ಲದಕ್ಕೂ ಮರುಸುತ್ತೇ ಮದ್ದು ಅಂತ ನಾನು ಹೇಳಲ್ಲ. ಆಯಸ್ಕಾಂತವೇ ಬಿರುಕು ಬಿಟ್ಟಿದ್ರೆ, ಬಾಬಿನ್ ಪುಡಿಯಾಗಿದ್ರೆ, ಹಿಂದೆ ಯಾರೋ ಈಗಾಗಲೇ ಮರ ಕೊರೆದಿದ್ರೆ ಹೊಸದು ಹಾಕೋದೇ ವಾಸಿ. ಮೆಟಲ್ ನುಡಿಸೋರಿಗೆ ಈ 5.5 ಕಿಲೋ ಓಮ್‌ನ ತೆಳು ದನಿ ಸಾಲೋದೂ ಇಲ್ಲ. ಆದ್ರೆ ಹೊಸದು ಹಾಕಿಸಿದ್ರೂ ತೆಗೆದ ಹಳೇ ಪಿಕಪ್ ಅನ್ನ ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಡಬ್ಬಿಗೆ ಹಾಕಿ ಗಿಟಾರ್ ಕೇಸಿನಲ್ಲೇ ಇಡಿ.

ಮಾವ ನುಡಿಸಿ ನೋಡಿದ್ರು. ಮೂರು ಹಾಡು ಆದ ಮೇಲೆ “ಟ್ರೆಬಲ್ ಸ್ವಲ್ಪ ಜಾಸ್ತಿ ಅನ್ಸುತ್ತೆ” ಅಂದ್ರು. ಟೋನ್ ತಿರುಪು ತುಸು ಇಳಿಸಿಕೊಂಡು ನಾಲ್ಕನೇದಕ್ಕೆ ಹೋದ್ರು. ಮಗಳ ಕೈಗೆ ಗಿಟಾರ್ ಸಿಕ್ಕಿದ್ದು ಮಾರನೇ ದಿನ.

ನಾವು ತಂದ ರೀಲು ಕಾಲು ಕೆಜಿಯದ್ದು, ಅದಕ್ಕಿಂತ ಚಿಕ್ಕದು ಅಂಗಡಿಯಲ್ಲಿ ಕೊಡಲಿಲ್ಲ. ಹರಿದದ್ದೂ ಸೇರಿ ಖರ್ಚಾಗಿದ್ದು ಐವತ್ತು ಗ್ರಾಂ ಒಳಗೆ. ಉಳಿದ ತಂತಿಯಲ್ಲಿ ಇನ್ನೂ ಆರು ಪಿಕಪ್ ಸುತ್ತಬಹುದು. ನಿಮ್ಮ ಮನೆಯಲ್ಲೂ ಅಪ್ಪನದೋ ದೊಡ್ಡಪ್ಪನದೋ ಆರ್ಕೆಸ್ಟ್ರಾ ಗಿಟಾರ್ ಮೂಕಾಗಿ ಕೂತಿದ್ರೆ, ಆ ನಾಲ್ಕು ಅಳತೆ, ಮೀಟರಿನಲ್ಲಿ ಬಂದ ಓಮ್ ಸಂಖ್ಯೆ, ಒಂದು ಫೋಟೊ, ಮತ್ತೆ ಅದು ಯಾವ ಯಾವ ಊರಿನ ಪೆಂಡಾಲಲ್ಲಿ ನುಡಿದಿತ್ತು ಅನ್ನೋದನ್ನ ಓದುಗರ ಅಂಕಣಕ್ಕೆ ಬರೆದು ಕಳಿಸಿ.